ಸಹೋದ್ಯೋಗಿಯ ಆಸ್ಪತ್ರೆ ಖರ್ಚಿಗೆ ಕಚೇರಿಯಲ್ಲಿ ಪಟ್ಟಿ ಎತ್ತುವ ಮೊದಲು

ಒಂದೇ ಪ್ರಶ್ನೆ, ಊರು ಮಾತ್ರ ಬೇರೆ. ಅಫಜಲಪುರ, ಹುಮನಾಬಾದ್, ಶಹಾಪುರ, ಎಲ್ಲ ಕಡೆಯಿಂದಲೂ ಕೇಳುತ್ತಾರೆ. "ನಮ್ಮ ಪಂಚಾಯ್ತಿ ನೀರುಗಂಟಿಗಿ ಹಾರ್ಟ್ ಆಪರೇಷನ್ ಅದರಿ. ಎಲ್ಲಾರೂ ಕೂಡಿ ರೊಕ್ಕ ಹಾಕ್ಲತ್ತೀವಿ. ಇದ್ರಾಗ ಏನಾರ ತಪ್ಪದಾ?" ಇದು ಒಂದು ಬಗೆ. ಇನ್ನೊಂದು ಬಗೆಯದನ್ನು ದನಿ ತಗ್ಗಿಸಿ ಕೇಳುತ್ತಾರೆ: "ಆಪರೇಷನ್ ನಮ್ಮ ಸಾಹೇಬ್ರದೇ ಅದ. ತಲಿಗಿ ಸಾವಿರ ಅಂತ ಬರ್ದಾರ. ಕೊಡ್ಲಿಲ್ಲಂದ್ರ ಏನಾತದ್ರಿ?"

ಹೀಗೆ ಎಲ್ಲರಿಂದ ಹಣ ಕೂಡಿಸುವುದನ್ನೇ ಪಟ್ಟಿ ಎತ್ತುವುದು ಎನ್ನುತ್ತೇವೆ. ಮೇಲುನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಹಾಸಿಗೆ ಹಿಡಿದವರಿಗೆ ಜೊತೆಯವರು ಕೈಜೋಡಿಸುವುದು, ಅಷ್ಟೇ ಅಲ್ಲವೇ? ನಿಯಮದ ಕಣ್ಣಿಗೆ ಹಾಗಲ್ಲ. ಮೊದಲನೆಯದರಲ್ಲಿ ಹಣ ಪಕ್ಕಕ್ಕೂ ಕೆಳಕ್ಕೂ ಹರಿಯುತ್ತಿದೆ, ಎರಡನೆಯದರಲ್ಲಿ ಮೇಲಕ್ಕೆ ಹರಿಯುತ್ತಿದೆ. ಮುಂದೆ ಬರುವ ಹೆಚ್ಚಿನ ಪ್ರಶ್ನೆಗಳು ಈ ಒಂದು ವ್ಯತ್ಯಾಸ ಹಿಡಿದರೆ ಬಿಡಿಸಿಕೊಳ್ಳುತ್ತವೆ.

ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳಲ್ಲಿ ಕೆಲಸ ಮಾಡುವವರಿಗಾಗಿ ಇದನ್ನು ಹಂತಹಂತವಾಗಿ ಬರೆದಿದ್ದೇನೆ. ಅವಸರವಿದ್ದವರು ಕನಿಷ್ಠ 3 ಮತ್ತು 5ನೇ ಹಂತ ಓದಿ. ಎಡವಟ್ಟು ಆಗುವುದು ಅಲ್ಲೇ.

1. ನೀವು ಯಾವ ನಿಯಮದ ಕೆಳಗೆ ಬರುತ್ತೀರಿ?

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಪಂಚಾಯಿತಿ ಕಾರ್ಯದರ್ಶಿ, ಎರಡನೇ ದರ್ಜೆ ಲೆಕ್ಕ ಸಹಾಯಕರು ಸರ್ಕಾರಿ ನೌಕರರು. ಇವರಿಗೆ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021 ಅನ್ವಯ. ಹಳಬರ ಬಾಯಲ್ಲಿ ಇನ್ನೂ "1966ರ ನಡತೆ ನಿಯಮ" ಎಂದೇ ಇದೆ, ಈಗ ಅದರ ಜಾಗಕ್ಕೆ ಬಂದಿರುವುದು ಇದು.

ಬಿಲ್ ಕಲೆಕ್ಟರ್, ನೀರುಗಂಟಿ, ಡಾಟಾ ಎಂಟ್ರಿ ಆಪರೇಟರ್, ಜವಾನ, ಸ್ವಚ್ಛತಾಗಾರರನ್ನು ನೇಮಿಸಿಕೊಂಡಿರುವುದು ಪಂಚಾಯಿತಿ. ಇವರ ಸೇವಾ ಷರತ್ತುಗಳು ಬೇರೆ. ಪಾಲಿಕೆ, ನಗರಸಭೆಯ ಕಾಯಂ ಪೌರಕಾರ್ಮಿಕರದು ಇನ್ನೊಂದು, ಗುತ್ತಿಗೆದಾರರ ಮೂಲಕ ಬಂದವರದು ಮತ್ತೊಂದು.

"ಹಂಗಾದ್ರ ನಾವು ಸರ್ಕಾರಿ ನೌಕರರೇ ಅಲ್ಲ, ನಮಗ್ಯಾವ ನಿಯಮ?" ಎನ್ನುವವರಿದ್ದಾರೆ. ಇದು ಮೊದಲ ಗುಂಡಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ 'ಲೋಕಸೇವಕ' ಎಂದರೆ ಸರ್ಕಾರಿ ನೌಕರ ಮಾತ್ರವಲ್ಲ. ಸ್ಥಳೀಯ ಸಂಸ್ಥೆಯ ಸೇವೆಯಲ್ಲಿದ್ದು ಅದರಿಂದ ಸಂಬಳ ಪಡೆಯುವ ಪ್ರತಿಯೊಬ್ಬರೂ ಲೋಕಸೇವಕರೇ. ನಡತೆ ನಿಯಮ ಮುರಿದರೆ ಇಲಾಖಾ ವಿಚಾರಣೆ, ಈ ಕಾಯ್ದೆ ಮುರಿದರೆ ಲೋಕಾಯುಕ್ತ ಪೊಲೀಸರು. ಎರಡರ ತೂಕ ಬೇರೆ ಎಂಬುದು ನೆನಪಿರಲಿ.

2. ಪಟ್ಟಿಗಿಂತ ಮೊದಲು ಹಕ್ಕಿನ ಹಣ

ಆಸ್ಪತ್ರೆ ಎಂದ ಕೂಡಲೇ ನಮ್ಮಲ್ಲಿ ಮೊದಲು ಆಗುವುದು ವಾಟ್ಸಾಪ್ ಗುಂಪಿಗೆ ಸಂದೇಶ ಹಾಕುವುದು. ತಪ್ಪಲ್ಲ, ಆದರೆ ಅದಕ್ಕೂ ಮುಂಚೆ ಅರ್ಧ ದಿನ ಇದಕ್ಕೆ ಕೊಡಿ. ಪಟ್ಟಿ ಎತ್ತಿ ಕೂಡಿಸುವ ಮೂವತ್ತು, ನಲವತ್ತು ಸಾವಿರಕ್ಕಿಂತ ಎಷ್ಟೋ ಹೆಚ್ಚು ಇಲ್ಲಿ ಸಿಗಬಹುದು.

ಸರ್ಕಾರಿ ನೌಕರರಾಗಿದ್ದರೆ 1963ರ ವೈದ್ಯಕೀಯ ಹಾಜರಾತಿ ನಿಯಮಗಳ ಅಡಿ ಬಿಲ್ಲು ಮರುಪಾವತಿಗೆ ಅವಕಾಶವಿದೆ. 2025ರ ಅಕ್ಟೋಬರಿನಿಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಶುರುವಾಗಿದೆ. ಇದು ನಗದುರಹಿತ, ಅಂದರೆ ಕೈಯಿಂದ ಕಟ್ಟಿ ಆಮೇಲೆ ಬಿಲ್ಲು ಹಿಡಿದು ಅಲೆಯುವ ಕೆಲಸವಿಲ್ಲ. ಆಸ್ಪತ್ರೆ ಯೋಜನೆಯ ನೋಂದಣಿಯಲ್ಲಿದೆಯೇ ಎಂದು ದಾಖಲಾಗುವ ಮೊದಲೇ ಕೇಳಿ. ಬೀದರಿನವರು ಹೈದರಾಬಾದಿಗೂ, ಆಳಂದ, ಕಲಬುರಗಿ ಕಡೆಯವರು ಸೊಲ್ಲಾಪುರಕ್ಕೂ ಹೋಗುವುದು ರೂಢಿ. ರೂಢಿ ಇದೆಯೆಂದು ಗಾಡಿ ಹತ್ತಿಬಿಟ್ಟರೆ ಬಿಲ್ಲು ಮಂಜೂರಾಗುವಾಗ ತಕರಾರು ಬರುತ್ತದೆ.

ಹೊರಗುತ್ತಿಗೆಯವರು ತಮ್ಮ ವೇತನ ಚೀಟಿಯಲ್ಲಿ 'ಇಎಸ್‌ಐ' (ನೌಕರರ ರಾಜ್ಯ ವಿಮೆ) ಎಂದು ಕಡಿತವಾಗಿದೆಯೇ ನೋಡಲಿ. ತಿಂಗಳಿಗೆ 21,000 ರೂ. ವರೆಗಿನ ವೇತನದವರಿಗೆ ಇದು ಅನ್ವಯ. ಕಾರ್ಮಿಕರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಕಡಿತವಾಗುತ್ತಿದ್ದರೂ ತನಗೊಂದು ವಿಮಾ ಸಂಖ್ಯೆ ಇದೆ ಎಂದು ಗೊತ್ತೇ ಇಲ್ಲದ ಪೌರಕಾರ್ಮಿಕರನ್ನು ಬೇಕಾದಷ್ಟು ಕಂಡಿದ್ದೇನೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ದೊಡ್ಡ ಇಎಸ್‌ಐ ಆಸ್ಪತ್ರೆಯೇ ಇದೆ. ಚಿಕಿತ್ಸೆ ನೌಕರನಿಗಷ್ಟೇ ಅಲ್ಲ, ಅವಲಂಬಿತ ಮನೆಯವರಿಗೂ ಸಿಗುತ್ತದೆ. ಅರ್ಹರಾದವರಿಗೆ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ವೇತನದ ಶೇ. 70ರಷ್ಟು ಕಾಯಿಲೆ ಭತ್ಯೆಯೂ ವರ್ಷಕ್ಕೆ 91 ದಿನಗಳವರೆಗೆ ಉಂಟು.

ಇವೆರಡಕ್ಕೂ ಸೇರದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ, ಎಪಿಎಲ್‌ನವರಿಗೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ರೂ. ಮೀರದಂತೆ. ತುರ್ತು ಇಲ್ಲದ ಕಾಯಿಲೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಸರ್ಕಾರಿ ಆಸ್ಪತ್ರೆಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಲ್ಲಿ 'ಆರೋಗ್ಯ ಮಿತ್ರ' ಎಂಬ ಸಹಾಯಕರು ಇರುತ್ತಾರೆ, ಅವರನ್ನು ಹುಡುಕಿ. ಹೃದಯದ ಕಾಯಿಲೆಗೆ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ. ಅದರ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನ ರೈಲು ಹಿಡಿಯುವ ಮೊದಲು ಅಲ್ಲಿ ಕೇಳಬಹುದು.

ಭವಿಷ್ಯ ನಿಧಿಯಿಂದ ಕಾಯಿಲೆ ಮುಂಗಡ, ಎನ್‌ಪಿಎಸ್‌ನಿಂದ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಗಂಭೀರ ಕಾಯಿಲೆಗೆ ಭಾಗಶಃ ಹಿಂಪಡೆತ (ಮೂರು ವರ್ಷ ತುಂಬಿದ್ದರೆ ನಿಮ್ಮ ಸ್ವಂತ ವಂತಿಗೆಯ ಶೇ. 25ರವರೆಗೆ), ನೌಕರರ ಪತ್ತಿನ ಸಹಕಾರ ಸಂಘದ ಸಾಲ, ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ, ಇವೂ ಇವೆ. ಇವನ್ನೆಲ್ಲ ಎಣಿಸಿದ ಮೇಲೆ ಉಳಿಯುವ ಕೊರತೆ ಎಷ್ಟು? ಪಟ್ಟಿ ಎತ್ತುವುದು ಆ ಕೊರತೆಗೆ ಮಾತ್ರ.

3. ಹಣ ಯಾವ ದಿಕ್ಕಿಗೆ ಹರಿಯುತ್ತಿದೆ?

ನಡತೆ ನಿಯಮದಲ್ಲಿ 'ಉಡುಗೊರೆ' ಎಂದರೆ ಸೀರೆ, ಉಂಗುರ ಮಾತ್ರವಲ್ಲ. ಪುಕ್ಕಟೆ ಪ್ರಯಾಣ, ಊಟ, ವಸತಿ, ಬೇರಾವುದೇ ಸೇವೆ ಅಥವಾ ಹಣದ ಅನುಕೂಲ, ಎಲ್ಲವೂ ಉಡುಗೊರೆ. ಕೊಡುವವರು ನಿಕಟ ಸಂಬಂಧಿಯಾಗಿದ್ದರೆ, ಇಲ್ಲವೇ ನಿಮ್ಮೊಂದಿಗೆ ಯಾವ ಅಧಿಕೃತ ವ್ಯವಹಾರವೂ ಇಲ್ಲದ ಸ್ನೇಹಿತರಾಗಿದ್ದರೆ ಅದು ಬೇರೆ ಮಾತು. 'ಅಧಿಕೃತ ವ್ಯವಹಾರ' ಎಂದರೆ ನಿಮ್ಮ ಸಹಿ, ವರದಿ, ಶಿಫಾರಸು ಅಥವಾ ಮೌನದಿಂದ ಅವರಿಗೆ ಲಾಭವೋ ನಷ್ಟವೋ ಆಗುವ ಸಂಬಂಧ.

ಮದುವೆ, ಅಂತ್ಯಕ್ರಿಯೆ, ಧಾರ್ಮಿಕ ಕಾರ್ಯಗಳಲ್ಲಿ ರೂಢಿಯಂತೆ ಬರುವ ಉಡುಗೊರೆಗೆ ನಿಯಮದಲ್ಲೇ ಸಡಿಲಿಕೆ ಇದೆ. ನಮ್ಮ ಕಡೆ ಮದುವೆಯಲ್ಲಿ ಆಹೇರ ಮಾಡುತ್ತೇವಲ್ಲ, ಅಂಥದ್ದು. ಕಾಯಿಲೆಗೆ ಆ ಸಡಿಲಿಕೆಯನ್ನು ಎಳೆದು ಹಚ್ಚಬೇಡಿ. ಮಗಳ ಮದುವೆಗೆ ಬಂದ ಆಹೇರಕ್ಕೂ ಬೈಪಾಸಿಗೆ ಬಂದ ಹಣಕ್ಕೂ ನಿಯಮ ಒಂದೇ ಎಂದು ನಂಬಿದವರು ಬಹಳ.

ದಿಕ್ಕುಗಳನ್ನು ಒಂದೊಂದಾಗಿ ನೋಡೋಣ.

ಪಕ್ಕಕ್ಕೆ, ಅಂದರೆ ಸಮಾನ ದರ್ಜೆಯವರ ನಡುವೆ. ಇಬ್ಬರು ಬಿಲ್ ಕಲೆಕ್ಟರ್‌ಗಳು, ನಾಲ್ವರು ಪೌರಕಾರ್ಮಿಕರು. ಒಬ್ಬರ ಕೆಲಸ ಇನ್ನೊಬ್ಬರ ಕೈಯಲ್ಲಿಲ್ಲ. ಸ್ವಂತ ಇಚ್ಛೆಯಿಂದ, ತಮ್ಮ ಜೇಬಿನಿಂದ ಕೊಟ್ಟರೆ ಅಪಾಯ ಕಡಿಮೆ.

ಕೆಳಕ್ಕೆ. ಪಿಡಿಒ ತನ್ನ ಪಂಚಾಯಿತಿಯ ನೀರುಗಂಟಿಗೆ, ಪೌರಾಯುಕ್ತರು ಚಾಲಕನಿಗೆ ಕೊಡುವುದು. ಕೊಡುವವರಿಗೆ ಪಡೆಯುವವರಿಂದ ಆಗಬೇಕಾದ್ದು ಏನೂ ಇಲ್ಲದಿದ್ದರೆ ಇದರಲ್ಲೂ ತಕರಾರಿಲ್ಲ. ಒಂದೇ ಎಚ್ಚರಿಕೆ: ಕೊಟ್ಟ ಮೇಲೆ ಅದನ್ನು ಋಣವೆಂದು ಎಣಿಸಿ ಭಾನುವಾರ ಮನೆಗೆಲಸಕ್ಕೆ ಕರೆಯುವಂತಿಲ್ಲ.

ಮೇಲಕ್ಕೆ. ಕೈಕೆಳಗಿನವರಿಂದ ಮೇಲಧಿಕಾರಿಗೆ. ಇದು ಬೇಡ. ಅಧಿಕಾರಿ ಕೇಳಿರಲಿ, ಕೇಳದಿರಲಿ, ಕೊಡುವವರು ಮನಸಾರೆ ಕೊಡುತ್ತಿರಲಿ, ಬೇಡ. ರಜೆ ಮಂಜೂರು, ಕಾರ್ಯನಿರ್ವಹಣಾ ವರದಿ, ವೇತನ ಬಿಲ್ಲು ಎಲ್ಲವೂ ಆ ಅಧಿಕಾರಿಯ ಕೈಯಲ್ಲಿ ಇರುವಾಗ 'ಮನಸಾರೆ' ಎನ್ನುವುದನ್ನು ಅಳೆಯಲು ತಕ್ಕಡಿ ಇಲ್ಲ. ಅಧಿಕಾರಿಗೆ ನಿಜಕ್ಕೂ ಸಂಕಟವಿದ್ದರೆ? ಅವರ ದರ್ಜೆಯವರು, ಬೇರೆ ತಾಲ್ಲೂಕಿನ ಪಿಡಿಒಗಳು, ಅವರ ಸಂಘ, ಪತ್ತಿನ ಸಂಘ ಇದೆ. ನೀವು ಹಾಲು, ಹಣ್ಣು ಒಯ್ದು ಮಾತಾಡಿಸಿ ಬನ್ನಿ, ರಕ್ತ ಬೇಕಿದ್ದರೆ ಕೊಡಿ. ಅದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ.

ಮೇಲಕ್ಕೆ ಹರಿಯುವುದು ಹಣವೇ ಆಗಬೇಕಿಲ್ಲ ಎಂಬುದನ್ನೂ ಗಮನಿಸಿ. ಸಾಹೇಬರ ಆರೈಕೆಗೆ ಜವಾನನನ್ನು ಆಸ್ಪತ್ರೆಯಲ್ಲಿ ಮಲಗಿಸುವುದು, ಹಾಜರಿ ಪುಸ್ತಕದಲ್ಲಿ ಮಾತ್ರ ಕಚೇರಿಯಲ್ಲಿದ್ದಂತೆ ತೋರಿಸುವುದು. ಕಚೇರಿ ಜೀಪಿನಲ್ಲಿ ಸೊಲ್ಲಾಪುರಕ್ಕೆ ಹೋಗಿ ಬಂದು ಲಾಗ್ ಪುಸ್ತಕದಲ್ಲಿ 'ಕಾಮಗಾರಿ ಪರಿಶೀಲನೆ' ಎಂದು ಬರೆಯುವುದು. ಇವು ಉಡುಗೊರೆಯ ಪ್ರಶ್ನೆಯನ್ನೂ ದಾಟಿ ಸುಳ್ಳು ದಾಖಲೆಯ ಪ್ರಶ್ನೆಯಾಗುತ್ತವೆ.

ಹೊರಗಿನಿಂದ ಒಳಕ್ಕೆ. ಗುತ್ತಿಗೆದಾರ, ಸಾಮಗ್ರಿ ಸರಬರಾಜು ಮಾಡುವವರು, ಕಟ್ಟಡ ಪರವಾನಗಿಗೆ ಅರ್ಜಿ ಹಾಕಿದವರು, ಖಾತಾ ಬದಲಾವಣೆಗೆ ಕಾಯುತ್ತಿರುವವರು. ಇಲ್ಲಿ ನಡತೆ ನಿಯಮದ ಮಾತು ಮುಗಿದು ಅಪರಾಧದ ಮಾತು ಶುರು. ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಕಲಮಿನಲ್ಲಿ ಲಂಚಕ್ಕೆ 3ರಿಂದ 7 ವರ್ಷ ಶಿಕ್ಷೆ. 11ನೇ ಕಲಮು ಇನ್ನೂ ಸೂಕ್ಷ್ಮವಾದದ್ದು. ಕೆಲಸ ಮಾಡಿಕೊಡುತ್ತೇನೆಂದು ಮಾತಾಗಿರಬೇಕಿಲ್ಲ. ನಿಮ್ಮ ಕೆಲಸಕ್ಕೋ ನಿಮ್ಮ ಮೇಲಧಿಕಾರಿಯ ಕೆಲಸಕ್ಕೋ ಸಂಬಂಧಪಟ್ಟವರೆಂದು ಗೊತ್ತಿದ್ದೂ ಅವರಿಂದ ಪುಕ್ಕಟೆಯಾಗಿ ಲಾಭ ಪಡೆದರೆ ಸಾಕು, 6 ತಿಂಗಳಿಂದ 5 ವರ್ಷ. "ನಾನ್ ಕೇಳಿಲ್ಲರೀ, ಅವ್ರೇ ಹೈದರಾಬಾದಿಗಿ ಗಾಡಿ ಕಳ್ಸಿದ್ರು, ಡೀಸೆಲ್ಲೂ ಅವ್ರೇ ಹಾಕಿಸಿದ್ರು" ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಗುತ್ತಿಗೆದಾರ ನೇರವಾಗಿ ಬಿಲ್ಲು ಕಟ್ಟಿದರೂ ಅಷ್ಟೇ, ಹಣ ನಿಮ್ಮ ಕೈ ಮುಟ್ಟದಿದ್ದರೂ ಲಾಭ ನಿಮ್ಮದೇ.

ಪಂಚಾಯಿತಿ ತಿಜೋರಿಯಿಂದ ಕೊಡಬಹುದೇ ಎಂದು ಕೆಲವು ಸದಸ್ಯರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಸ್ವಂತ ಸಂಪನ್ಮೂಲ ಎಂದರೆ ಊರಿನವರು ಕಟ್ಟಿದ ಮನೆ ಕಂದಾಯ, ನೀರಿನ ಕರ. ಯಾವುದೇ ಆದೇಶದ ಬೆಂಬಲವಿಲ್ಲದೆ ಒಬ್ಬರ ಚಿಕಿತ್ಸೆಗೆ ಅದನ್ನು ಕೊಟ್ಟರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬೀಳುತ್ತದೆ. ಸಭೆಯಲ್ಲಿ ಠರಾವು ಮಾಡಿದ್ದೇವೆ ಎಂದರೂ ವಸೂಲಿಯ ನೋಟಿಸು ಸಹಿ ಮಾಡಿದ ಅಧ್ಯಕ್ಷರಿಗೂ ಪಿಡಿಒಗೂ ಬರಬಹುದು.

4. ಪೂರ್ವಾನುಮತಿ ತೆಗೆದುಕೊಳ್ಳಿ

ಕೊಡುವುದು ಬೇರೆ, ಕೂಡಿಸುವುದು ಬೇರೆ. ನೀವೊಬ್ಬರೇ ಗೆಳೆಯನ ಕೈಗೆ ಸಾವಿರ ರೂಪಾಯಿ ಇಟ್ಟು ಬಂದರೆ ಅದು ನಿಮ್ಮಿಬ್ಬರ ವಿಷಯ. ಹತ್ತು ಜನರಿಂದ ಹಣ ಎತ್ತಲು ಹೊರಟಿರೋ, ಅದು 'ವಂತಿಗೆ ಸಂಗ್ರಹ'. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಇಲ್ಲದೆ ಸರ್ಕಾರಿ ನೌಕರ ನಿಧಿ ಸಂಗ್ರಹ ಮಾಡಬಾರದು, ಅದರಲ್ಲಿ ಭಾಗಿಯಾಗಲೂ ಬಾರದು. 'ಸಕ್ಷಮ ಪ್ರಾಧಿಕಾರ' ಎಂದರೆ ಆ ಅನುಮತಿ ಕೊಡುವ ಅಧಿಕಾರ ಇರುವವರು. ಪಂಚಾಯಿತಿಯವರು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗಳ ಮುಖಾಂತರ ಜಿಲ್ಲಾ ಪಂಚಾಯಿತಿಗೆ, ಪಾಲಿಕೆಯವರು ಆಯುಕ್ತರಿಗೆ, ನಗರಸಭೆಯವರು ಪೌರಾಯುಕ್ತರಿಗೆ, ಪುರಸಭೆಯವರು ಮುಖ್ಯಾಧಿಕಾರಿಗೆ ಬರೆಯಿರಿ. ಅವರ ಮಟ್ಟದಲ್ಲಿ ಆಗದಿದ್ದರೆ ಮೇಲಕ್ಕೆ ಕಳಿಸುವುದು ಅವರ ಕೆಲಸ.

ಅರ್ಜಿ ಒಂದು ಪುಟ ದಾಟಬೇಕಿಲ್ಲ. ಹೀಗೆ ಬರೆಯಬಹುದು:

"ವಿಷಯ: ಸಹೋದ್ಯೋಗಿಯ ಚಿಕಿತ್ಸೆಗೆ ಸಿಬ್ಬಂದಿಯಿಂದ ಸ್ವಇಚ್ಛೆಯ ವಂತಿಗೆ ಸಂಗ್ರಹಿಸಲು ಪೂರ್ವಾನುಮತಿ ಕೋರಿ.

ಮಾನ್ಯರೇ, ನಮ್ಮ ಗ್ರಾಮ ಪಂಚಾಯಿತಿಯ ನೀರುಗಂಟಿಯವರು ಇಂಥ ದಿನಾಂಕದಿಂದ ಆಸ್ಪತ್ರೆಯಲ್ಲಿದ್ದಾರೆ. ವೈದ್ಯರು ಕೊಟ್ಟ ಅಂದಾಜು ವೆಚ್ಚದ ಪ್ರತಿ ಲಗತ್ತಿಸಿದೆ. ಯೋಜನೆಯಡಿ ಮಂಜೂರಾದ ಮೊತ್ತ ಕಳೆದು ಉಳಿಯುವ ಕೊರತೆಗೆ ಮಾತ್ರ, ಇಂಥ ದಿನಾಂಕದವರೆಗೆ, ಸಿಬ್ಬಂದಿಯಿಂದ ಮಾತ್ರ ವಂತಿಗೆ ಸ್ವೀಕರಿಸುತ್ತೇವೆ. ಗುತ್ತಿಗೆದಾರರು ಹಾಗೂ ಸಾರ್ವಜನಿಕರಿಂದ ಸ್ವೀಕರಿಸುವುದಿಲ್ಲ. ಯಾರಿಗೂ ಮೊತ್ತ ನಿಗದಿ ಮಾಡುವುದಿಲ್ಲ. ವೇತನದಲ್ಲಿ ಕಡಿತವಿಲ್ಲ. ಲೆಕ್ಕವನ್ನು ಮುಗಿದ ಹದಿನೈದು ದಿನದೊಳಗೆ ಸಲ್ಲಿಸುತ್ತೇವೆ."

ಅರ್ಜಿಯನ್ನು ಟಪಾಲು ಶಾಖೆಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಆವಕ ಸಂಖ್ಯೆ, ದಿನಾಂಕ, ಮುದ್ರೆ ಹಾಕಿಸಿಕೊಳ್ಳಿ. ಆವಕ ಎಂದರೆ ಒಳಬಂದ ಪತ್ರದ ದಾಖಲೆ. "ಸಾಹೇಬ್ರಿಗಿ ಬಾಯಿ ಮಾತಿಲೆ ಹೇಳೀನ್ರಿ, ಹೂಂ ಅಂದಾರ" ಎಂಬುದು ಅನುಮತಿಯಲ್ಲ. ಆ ಸಾಹೇಬರು ನಾಳೆ ವರ್ಗವಾಗಿ ಹೋಗುತ್ತಾರೆ, ಆ 'ಹೂಂ' ಅವರ ಜೊತೆಗೇ ಹೋಗುತ್ತದೆ.

ಜೀವ ಹೋಗುವ ತುರ್ತು ಇದ್ದರೆ? ಸಮಾನ ದರ್ಜೆಯವರು ಒಬ್ಬೊಬ್ಬರಾಗಿ ನೇರವಾಗಿ ರೋಗಿಯ ಮನೆಯವರ ಖಾತೆಗೆ ಹಾಕಿ. ಸಂಗ್ರಹಕಾರ ಎಂದು ಮಧ್ಯೆ ಯಾರೂ ನಿಲ್ಲುವುದು ಬೇಡ. ಅದೇ ದಿನ ಅರ್ಜಿಯನ್ನೂ ಕೊಡಿ.

5. ಹಣ ಕೂಡಿಸುವಾಗ

ನಾನು ಲೆಕ್ಕ ಶಾಖೆಯಲ್ಲಿದ್ದಾಗ ಕಣ್ಣಿಗೆ ಬಿದ್ದ ಒಂದು ಪಟ್ಟಿ ಇನ್ನೂ ನೆನಪಿದೆ. ಕಚೇರಿ ಯಾವುದೆಂಬುದು ಬೇಡ. ಗೆರೆ ಹೊಡೆದ ನೂರು ಪುಟದ ನೋಟ್‌ಬುಕ್ಕು. ಮೊದಲ ಸಾಲಿನಲ್ಲಿ ಸಾಹೇಬರ ಹೆಸರು, ಮುಂದೆ 5,000. ಎರಡನೇ ಸಾಲು 3,000. ದರ್ಜೆ ಇಳಿದಂತೆ ಅಂಕಿಯೂ ಇಳಿಯುತ್ತ ಹೋಗಿ, ಹನ್ನೊಂದನೇ ಸಾಲಿನಲ್ಲಿ ಸ್ವಚ್ಛತಾ ಕೆಲಸದ ಅಕ್ಕನ ಹೆಸರು. ಮುಂದೆ 200 ಎಂದು ಬರೆದು, ಹೊಡೆದುಹಾಕಿ, 500 ಎಂದು ತಿದ್ದಿದೆ. ಪಕ್ಕದಲ್ಲಿ ಹೆಬ್ಬೆಟ್ಟು. ಅವರನ್ನು ಯಾರೂ ಗದರಿಸಿರಲಿಕ್ಕಿಲ್ಲ. ಮೇಲಿನ ಹತ್ತು ಸಾಲು ಓದಿ ಹೇಳಿದರೆ ಸಾಕಲ್ಲ.

ಆದ್ದರಿಂದ ಹೆಸರಿನ ಪಟ್ಟಿ ಹಿಡಿದು ಮೇಜಿಂದ ಮೇಜಿಗೆ ಹೋಗಬೇಡಿ. ಎರಡು ದಾರಿ ಇವೆ. ಒಂದು, ಒಂದೇ ಥರದ ಲಕೋಟೆಗಳನ್ನು ಎಲ್ಲರಿಗೂ ಕೊಟ್ಟು ಮುಚ್ಚಿದ ಡಬ್ಬಿಗೆ ಹಾಕಿಸುವುದು. ಖಾಲಿ ಲಕೋಟೆ ಹಾಕಿದವರು ಯಾರೆಂದು ಗೊತ್ತಾಗಬಾರದು. ಎರಡನೆಯದು, ರೋಗಿಯ ಮನೆಯವರ ಬ್ಯಾಂಕ್ ಖಾತೆಯ ವಿವರ ಹಂಚಿ ಸುಮ್ಮನಿರುವುದು. ನನಗೆ ಎರಡನೆಯದೇ ವಾಸಿ ಅನಿಸುತ್ತದೆ, ಲೆಕ್ಕವೂ ಬ್ಯಾಂಕಿನಲ್ಲೇ ಉಳಿಯುತ್ತದೆ.

ವಾಟ್ಸಾಪ್ ಗುಂಪಿನಲ್ಲಿ "ಕೊಟ್ಟವರ ಪಟ್ಟಿ" ಹಾಕುವ ಚಾಳಿ ನಿಲ್ಲಲಿ. ಕೊಟ್ಟವರ ಪಟ್ಟಿ ಹಾಕಿದರೆ ಕೊಡದವರ ಪಟ್ಟಿ ತಾನಾಗಿಯೇ ತಯಾರಾಗುತ್ತದೆ. ಆ ಗುಂಪಿನಲ್ಲಿ ಮೇಲಧಿಕಾರಿಗಳೂ, ಕೆಲವೊಮ್ಮೆ ಗುತ್ತಿಗೆದಾರರೂ ಇರುತ್ತಾರೆ ಎಂಬುದನ್ನು ಜನ ಮರೆಯುತ್ತಾರೆ. ಮನವಿಯನ್ನು ಸಿಬ್ಬಂದಿ ಮಾತ್ರ ಇರುವ ಗುಂಪಿನಲ್ಲಿ, ಒಂದೇ ಸಲ ಹಾಕಿ. "ಇನ್ನೂ ಮೂರು ಮಂದಿ ಬಾಕಿ" ಎಂದು ನೆನಪು ಓಲೆ ಬೇಡ.

ಸಂಗ್ರಹಕ್ಕೆ ಯಾರು ನಿಲ್ಲಬೇಕು? ಪಿಡಿಒ, ವ್ಯವಸ್ಥಾಪಕ, ವೇತನ ಬಿಲ್ಲು ಮಾಡುವ ಗುಮಾಸ್ತ, ಈ ಮೂವರು ಬೇಡ. ಕೈಯಲ್ಲಿ ಅಧಿಕಾರವಿರುವವರು ಡಬ್ಬಿ ಹಿಡಿದರೆ ಅದು ಡಬ್ಬಿಯಾಗಿ ಉಳಿಯುವುದಿಲ್ಲ. ಸಮಾನ ದರ್ಜೆಯ ಇಬ್ಬರು ಜೊತೆಯಾಗಿ ನಿಲ್ಲಲಿ.

ಬಿಲ್ ಕಲೆಕ್ಟರ್‌ಗಳಿಗೆ ಒಂದು ಮಾತು. ಪಂಚಾಯಿತಿ ಗೋಡೆಗೆ ಅಂಟಿಸಿರುವ ಕರ ಪಾವತಿಯ ಕ್ಯೂಆರ್ ಕೋಡಿಗೆ ಈ ಹಣ ಹಾಕಿಸಿದರೆ ಅದು ಪಂಚಾಯಿತಿ ಹಣವಾಯಿತು, ಹೊರಗೆ ತೆಗೆಯಲು ದಾರಿಯಿಲ್ಲ. ನಿಮ್ಮ ಸ್ವಂತ ಫೋನ್‌ಪೇಗೆ ಹಾಕಿಸಿಕೊಂಡರೆ ಇನ್ನೊಂದು ತೊಂದರೆ. ಅದೇ ಖಾತೆಗೆ ಯಾರೋ ನೀರಿನ ಕರವನ್ನೂ ಹಾಕಿರುತ್ತಾರೆ. ನಾಳೆ ದೂರು ಬಂದರೆ ಯಾವ ಐನೂರು ಕರದ್ದು, ಯಾವ ಐನೂರು ಕನಿಕರದ್ದು ಎಂದು ಬಿಡಿಸಿ ತೋರಿಸಬೇಕಾದವರು ನೀವೇ.

ವೇತನದಲ್ಲಿ ಹಿಡಿದುಕೊಳ್ಳುವುದಂತೂ ಕೂಡದು. "ಎಲ್ಲಾರದೂ ಒಂದ್ ದಿನದ ಪಗಾರ ಹಿಡೀರಿ" ಎಂದು ಹೇಳುವ ಅಧಿಕಾರ ಬಟವಾಡೆ ಅಧಿಕಾರಿಗೆ, ಅಂದರೆ ಸಂಬಳದ ಬಿಲ್ಲಿಗೆ ಸಹಿ ಮಾಡುವವರಿಗೆ, ತಾವಾಗಿಯೇ ಇಲ್ಲ.

ಹೆಸರು, ಹುದ್ದೆ, ಕಚೇರಿ ವಿಳಾಸ ಹಾಕಿ ಸಾರ್ವಜನಿಕ ದೇಣಿಗೆ ಜಾಲತಾಣಗಳಲ್ಲಿ ಮನವಿ ಹಾಕುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಯಾರು ಹಾಕುತ್ತಾರೆಂದು ನಿಮ್ಮ ಹತೋಟಿಯಲ್ಲಿರುವುದಿಲ್ಲ. ನಿಮ್ಮ ಮಡದಿಯೋ ಮಗನೋ ಹಾಕಿದರೂ, ಕುಟುಂಬದವರ ಮೂಲಕ ಬಂದ ಉಡುಗೊರೆಯೂ ನಿಯಮದಲ್ಲಿ ನಿಮ್ಮ ಲೆಕ್ಕಕ್ಕೇ. ಮೊದಲು ಅನುಮತಿ, ಆಮೇಲೆ ಮನವಿ.

6. ತಲುಪಿಸುವುದು, ಲೆಕ್ಕ ಮುಗಿಸುವುದು

ನಗದು ಕೂಡಿದ್ದರೆ ಇಬ್ಬರೂ ಎಣಿಸಿ, ಅದೇ ದಿನ ಮನೆಯವರ ಖಾತೆಗೆ ಕಟ್ಟಿ. ಕಚೇರಿ ಬೀರುವಿನಲ್ಲಿ ಒಂದು ರಾತ್ರಿಯೂ ಇಡಬೇಡಿ. ಒಟ್ಟು ಮೊತ್ತ, ಬ್ಯಾಂಕ್ ಚಲನ್, ಮನೆಯವರ ಸ್ವೀಕೃತಿ, ಆಸ್ಪತ್ರೆ ಬಿಲ್ಲಿನ ಪ್ರತಿ, ಈ ನಾಲ್ಕನ್ನು ಅನುಮತಿ ಕೊಟ್ಟ ಕಚೇರಿಗೆ ಸಲ್ಲಿಸಿ. ಯಾರು ಎಷ್ಟು ಕೊಟ್ಟರೆಂಬುದು ಪಡೆದವರಿಗೂ ಗೊತ್ತಾಗಬೇಕಿಲ್ಲ, ಮೇಲಧಿಕಾರಿಗಂತೂ ಬೇಡವೇ ಬೇಡ. ಆದರೆ ಪಡೆದವರು ಮುಂದೆ ವಿವರ ಒಪ್ಪಿಸಬೇಕಾಗಿ ಬಂದರೆ ಬ್ಯಾಂಕಿನ ಪಟ್ಟಿ ಇದ್ದೇ ಇರುತ್ತದೆ.

ಎಲ್ಲರೂ ಮರೆಯುವ ಒಂದು ಸಂಗತಿ: ಮರುಪಾವತಿ. ಆಸ್ಪತ್ರೆಗೆ ಕಟ್ಟಲು ಹಣ ಕೂಡಿಸಿದಿರಿ, ಎಂಟು ತಿಂಗಳ ಮೇಲೆ ಅದೇ ಬಿಲ್ಲಿಗೆ ಸರ್ಕಾರದಿಂದ ಹಣ ಬಂತು. ಈಗ ಒಂದೇ ಖರ್ಚಿಗೆ ಎರಡು ಸಲ ಹಣ ಬಂದಂತಾಯಿತು. ಇದನ್ನು ಮೊದಲೇ ಮಾತಾಡಿ, ಅರ್ಜಿಯಲ್ಲೇ ಬರೆದುಬಿಡಿ: ಮರುಪಾವತಿ ಬಂದರೆ ಅಷ್ಟು ಮೊತ್ತ ಕೊಟ್ಟವರಿಗೆ ವಾಪಸು. ಆಮೇಲೆ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ, ಕೊಡಲು ಅವರಿಗೂ ನೆನಪಾಗುವುದಿಲ್ಲ, ಒಳಗೊಳಗೇ ಮುನಿಸು ಬೆಳೆಯುತ್ತದೆ.

7. ಕೈಗಡವಾದರೆ

"ಉಡುಗೊರೆ ಅಲ್ರಿ, ಕೈಗಡ" ಎಂದರೆ ನಿಯಮದಿಂದ ಪಾರಾದಂತಲ್ಲ. ಕೈಕೆಳಗಿನವರಿಂದಲೂ ಅಧಿಕೃತ ವ್ಯವಹಾರ ಇರುವವರಿಂದಲೂ ಸಾಲ ಪಡೆಯುವುದನ್ನು ನಡತೆ ನಿಯಮ ಬೇರೆಯಾಗಿಯೇ ತಡೆಯುತ್ತದೆ. ಸಂಬಂಧಿಕರು ಅಥವಾ ಸ್ವಂತ ಸ್ನೇಹಿತರ ನಡುವೆ ಬಡ್ಡಿಯಿಲ್ಲದ, ಸಣ್ಣ, ತಾತ್ಕಾಲಿಕ ಕೈಗಡಕ್ಕೆ ಅವಕಾಶವಿದೆ. 20,000 ರೂ. ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನೂ ತೀರಿಸುವುದನ್ನೂ ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ, ಖಾತೆಯ ಮೂಲಕವೇ ಆಗಬೇಕು.

8. ಪಡೆದವರು ಮಾಡಬೇಕಾದ್ದು

ಸರ್ಕಾರಿ ನೌಕರರಾಗಿದ್ದರೆ, ನಿಮ್ಮ ವೃಂದಕ್ಕೆ ನಿಗದಿಯಾದ ಮಿತಿ ದಾಟಿದ ಉಡುಗೊರೆಯನ್ನು ವರದಿ ಮಾಡಬೇಕು. ಈ ಮಿತಿ ಗುಂಪಿನಿಂದ ಗುಂಪಿಗೆ ಬೇರೆ, ಆಗಾಗ ಪರಿಷ್ಕರಣೆಯೂ ಆಗುತ್ತದೆ. ಹಳೇ ಕೈಪಿಡಿ ನಂಬದೆ ಸಿಬ್ಬಂದಿ ಶಾಖೆಯಲ್ಲಿ ಈಗಿನ ಅಂಕಿ ಕೇಳಿ ಬರೆದುಕೊಳ್ಳಿ. ವರ್ಷದ ಆಸ್ತಿ ಮತ್ತು ಹೊಣೆಗಾರಿಕೆ ಪಟ್ಟಿ ತುಂಬುವಾಗಲೂ ಸಾಲ ಉಳಿದಿದ್ದರೆ ತೋರಿಸಿ.

ತೆರಿಗೆಯ ಮಾತು. ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಹಣ ಎಲ್ಲ ಸೇರಿ 50,000 ರೂ. ದಾಟಿದರೆ ದಾಟಿದ ಭಾಗವಷ್ಟೇ ಅಲ್ಲ, ಇಡೀ ಮೊತ್ತ ಆದಾಯವೆಂದು ಲೆಕ್ಕಕ್ಕೆ ಬರುತ್ತದೆ. ಮದುವೆ ಉಡುಗೊರೆಗೆ ವಿನಾಯಿತಿ ಇದೆ, ಕೋವಿಡ್ ಚಿಕಿತ್ಸೆಗೆ ಬಂದ ನೆರವಿಗೂ ವಿನಾಯಿತಿ ಕೊಟ್ಟಿದ್ದರು. ಬೇರೆ ಕಾಯಿಲೆಗಳಿಗೆ ಅಂಥದ್ದಿಲ್ಲ. ಕಾನೂನಿನ 'ಸಂಬಂಧಿ' ನಮ್ಮ ಸಂಬಂಧಿಗಿಂತ ಕಿರಿದು: ಕಾಕಾ, ಸೋದರಮಾವ ಬರುತ್ತಾರೆ, ಕಾಕಾನ ಮಗ ಬರುವುದಿಲ್ಲ. ಹೆದರಬೇಡಿ, ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂ. ವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ನೀರುಗಂಟಿ, ಬಿಲ್ ಕಲೆಕ್ಟರ್‌ಗಳಿಗೆ ಕಟ್ಟುವ ಪ್ರಸಂಗ ಬರುವುದು ಅಪರೂಪ. ರಿಟರ್ನ್ ಸಲ್ಲಿಸುವವರು ಅದರಲ್ಲಿ ತೋರಿಸಿದರಾಯಿತು.

9. ಈಗಾಗಲೇ ಎಡವಟ್ಟಾಗಿದ್ದರೆ

ಅನುಮತಿ ಇಲ್ಲದೆ ಸಂಗ್ರಹ ಮುಗಿದಿದೆ, ಆದರೆ ಹಣವೆಲ್ಲ ಸಮಾನ ದರ್ಜೆಯವರದು ಎಂದಾದರೆ: ನಡೆದದ್ದನ್ನು ನಡೆದಂತೆ ಬರೆದು, ಲೆಕ್ಕ ಲಗತ್ತಿಸಿ, ಇಂದೇ ಮೇಲಧಿಕಾರಿಗೆ ಕೊಡಿ. ಹಿಂದಿನ ದಿನಾಂಕ ಹಾಕಿ ಅರ್ಜಿ ತಯಾರಿಸುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೇಳಬೇಡಿ. ಆವಕ ಪುಸ್ತಕದ ಸಾಲುಗಳು ಒಂದರ ಕೆಳಗೊಂದು ಇರುತ್ತವೆ, ನಡುವೆ ತೂರಿಸಿದ್ದು ಎದ್ದು ಕಾಣುತ್ತದೆ.

ಕೈಕೆಳಗಿನವರ ಹಣ ಪಡೆದುಬಿಟ್ಟಿರುವ ಅಧಿಕಾರಿಗಳು ಅದನ್ನು ಖಾತೆಯ ಮೂಲಕವೇ ಒಬ್ಬೊಬ್ಬರಿಗೂ ವಾಪಸು ಹಾಕಲಿ, ಪ್ರತಿಯನ್ನು ಇಟ್ಟುಕೊಳ್ಳಲಿ. ಗುತ್ತಿಗೆದಾರರ ಹಣ ಸೇರಿಕೊಂಡಿದ್ದರೆ ವಾಪಸು ಮಾಡುವ ಮೊದಲು ವಕೀಲರನ್ನು ಕಾಣಿ. ವಾಪಸು ಕೊಟ್ಟ ಮಾತ್ರಕ್ಕೆ ಅಪರಾಧ ಅಳಿಸಿಹೋಗುವುದಿಲ್ಲ.

ಒತ್ತಾಯಕ್ಕೆ ಕೊಟ್ಟವರು ಸಂಗ್ರಹಕ್ಕೆ ಅನುಮತಿ ಕೊಡುವ ಕಚೇರಿಗೇ ಲಿಖಿತವಾಗಿ ತಿಳಿಸಬಹುದು. ನಿಮ್ಮ ಕೆಲಸ ತಡೆಹಿಡಿದು ಹಣ ಕೇಳಿದ್ದರೆ ಅದು ಪಟ್ಟಿಯಲ್ಲ, ಲಂಚ. ಒತ್ತಾಯದಿಂದ ಲಂಚ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಕೊಟ್ಟ ತಪ್ಪಿನಿಂದ ಅವರಿಗೆ ರಕ್ಷಣೆ ಇದೆ. ಲೋಕಾಯುಕ್ತ ಕಚೇರಿ ಕಲಬುರಗಿಯಲ್ಲೇ ಇದೆ. ಹೋಗುವಾಗ ವಾಟ್ಸಾಪ್ ಸಂದೇಶ ಅಳಿಸಬೇಡಿ, ಹಣ ಕಳಿಸಿದ ದಿನಾಂಕ ಬರೆದುಕೊಳ್ಳಿ. "ತಲಿಗಿ ಸಾವಿರ" ಎಂದು ಬರೆದ ನೋಟ್‌ಬುಕ್ಕು ಕಣ್ಣಿಗೆ ಬಿದ್ದರೆ ಆ ಪುಟದ ಒಂದು ಫೋಟೊ ಇರಲಿ.